ಕೇಳಿದಿರಿ, ಹೇಳುತ್ತೇವೆ: ಜರ್ಮನ್ ಅಡುಗೆಮನೆಯ ಮೊಟ್ಟೆ

ಪ್ರಶ್ನೆ: ನನ್ನ ಮಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಓದುತ್ತಿದ್ದಾಳೆ. ಅವಳಿರುವ ಮನೆಯೊಡತಿ ಬೇಯಿಸಿದ ಮೊಟ್ಟೆಗಳನ್ನು ಸಾಸಿವೆ ಗೊಜ್ಜಿನಲ್ಲಿ ಹಾಕಿ, ಆಲೂಗಡ್ಡೆಯ ಜೊತೆ ಬಡಿಸಿದರಂತೆ. ಬಹಳ ರುಚಿಯಾಗಿತ್ತೆಂದು ಅವಳು ಹೇಳಿದ್ದರಿಂದ ನಾನೂ ಸಾಸಿವೆ ನೆನೆಸಿ, ರುಬ್ಬಿ, ಹಾಲಿನಲ್ಲಿ ಕುದಿಸಿ ಮಾಡಿದೆ. ಬಾಯಿಗಿಡಲಾರದಷ್ಟು ಕಹಿಯಾಯಿತು. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಕೈ ತಪ್ಪಿಲ್ಲ, ‘ಸಾಸಿವೆ’ ಎಂಬ ಮಾತು ದಾರಿ ತಪ್ಪಿಸಿದೆ. ಜರ್ಮನ್ ಅಡುಗೆಮನೆಯಲ್ಲಿ ‘ಜೆನ್ಫ್’ ಎಂದರೆ ಒಗ್ಗರಣೆ ಡಬ್ಬಿಯ ಕಾಳಲ್ಲ. ತಿಳಿ ಹಳದಿ ಮತ್ತು ಕಂದು ಸಾಸಿವೆಗಳನ್ನು ವಿನೆಗರ್, ನೀರು, ಉಪ್ಪು ಬೆರೆಸಿ ಅರೆದು, ಕೆಲಕಾಲ ಹದಗೊಳ್ಳಲು ಬಿಟ್ಟು ಬಾಟಲಿಗೆ ತುಂಬಿದ ಮುದ್ದೆ. ಸಾಸಿವೆಯನ್ನು ಅರೆದು ನೀರು ತಾಗಿಸಿದಾಗಲೇ ಅದರ ಘಾಟು ಹುಟ್ಟುತ್ತದೆ. ವಿನೆಗರ್‌ನ ಹುಳಿ ಆ ಘಾಟನ್ನು ಹಿಡಿದಿಡುತ್ತದೆ. ಬೆಂಕಿ ಅದನ್ನು ಹಾರಿಸಿಬಿಡುತ್ತದೆ. ಆಗತಾನೆ ರುಬ್ಬಿದ ಸಾಸಿವೆಯನ್ನು ನೀವು ಕುದಿಸಿದ್ದರಿಂದ ಘಾಟು ಹೋಗಿ ಕಹಿ ಮಾತ್ರ ಉಳಿದಿದೆ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಾವಿನ ಹಣ್ಣಿನ ಸಾಸಿವೆ ಮಾಡುವವರು ಕಾಳನ್ನು ತೆಂಗಿನಕಾಯಿಯೊಂದಿಗೆ ಹಸಿಯಾಗಿಯೇ ರುಬ್ಬಿ, ಕುದಿಸದೆ ಬಡಿಸುವುದನ್ನು ನೆನಪಿಸಿಕೊಂಡರೆ ಇದರ ಗುಟ್ಟು ತಿಳಿಯುತ್ತದೆ.

ನಿಮ್ಮ ಮಗಳು ತಿಂದದ್ದನ್ನು ‘ಜೆನ್ಫ್‌ಐಯರ್’, ಅಂದರೆ ಸಾಸಿವೆ ಮೊಟ್ಟೆ, ಎನ್ನುತ್ತಾರೆ. ಬರ್ಲಿನ್, ಬ್ರಾಂಡೆನ್‌ಬುರ್ಗ್, ಸ್ಯಾಕ್ಸನಿ ಕಡೆಯ ಮನೆಗಳಲ್ಲಿ ಇದು ಮಾಂಸವಿಲ್ಲದ ದಿನದ ಮಧ್ಯಾಹ್ನದ ಊಟ. ಹಿಂದಿನ ಪೂರ್ವ ಜರ್ಮನಿಯ ಶಾಲೆ, ಕಾರ್ಖಾನೆಗಳ ಕ್ಯಾಂಟೀನುಗಳಲ್ಲಿ ಉಂಡು ಬೆಳೆದವರಿಗೆ ಬಾಲ್ಯದ ರುಚಿ. ನಾಲ್ಕು ಜನರಿಗೆ 8 ಮೊಟ್ಟೆ ಬೇಕು. ದಪ್ಪ ತಳದ ಪಾತ್ರೆಯಲ್ಲಿ 40 ಗ್ರಾಂ ಬೆಣ್ಣೆ ಕರಗಿಸಿ, ಅಷ್ಟೇ ತೂಕದ ಮೈದಾವನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವಷ್ಟು ಮಾತ್ರ ಹುರಿಯಿರಿ, ಬಣ್ಣ ತಿರುಗಬಾರದು. ಕಾಲು ಲೀಟರ್ ಹಾಲು, ಕಾಲು ಲೀಟರ್ ತರಕಾರಿ ಬೇಯಿಸಿ ಸೋಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತಾ, ಗಂಟಾಗದಂತೆ ಕೈಬಿಡದೆ ಕಲಕಿ, ಐದಾರು ನಿಮಿಷ ಕುದಿಸಿ. ಒಲೆಯಿಂದ ಇಳಿಸಿದ ಮೇಲಷ್ಟೇ ಎರಡರಿಂದ ಮೂರು ದೊಡ್ಡ ಚಮಚ ಸಾಸಿವೆ ಮುದ್ದೆ, ಉಪ್ಪು, ಚಿಟಿಕೆ ಸಕ್ಕರೆ, ನಾಲ್ಕು ಹನಿ ನಿಂಬೆರಸ ಸೇರಿಸಿ. ಅಂಗಡಿಯಲ್ಲಿ ಸಿಗುವ ಬಂಗಾಳಿ ಕಾಸುಂದಿಗೆ ಖಾರ ಹೆಚ್ಚು, ಅದರ ರುಚಿಯೂ ಬೇರೆ. ಸೌಮ್ಯವಾದ ಹಳದಿ ಮಸ್ಟರ್ಡ್ ಬಾಟಲಿಯೇ ವಾಸಿ. ಮೊಟ್ಟೆಯನ್ನು ಕಲ್ಲಿನಂತೆ ಬೇಯಿಸಬೇಡಿ. ಹಳದಿಯ ನಡುಭಾಗ ಕೊಂಚ ಮೆತ್ತಗಿರುವಾಗಲೇ ತೆಗೆದು, ಸುಲಿದು, ಎರಡು ಹೋಳು ಮಾಡಿ ಗೊಜ್ಜಿನಲ್ಲಿ ಇಡಿ. ಜೊತೆಗೆ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಇರಲೇಬೇಕು. ಅನ್ನದೊಂದಿಗೂ ಕಲಸಿಕೊಳ್ಳಬಹುದೇ ಎಂದು ನೀವು ಮುಂದೆ ಕೇಳಬಹುದು. ನನಗೆ ಅದು ಸಪ್ಪೆ ಎನಿಸಿತು. ಆಲೂಗಡ್ಡೆಯನ್ನು ಮುಳ್ಳುಚಮಚದಿಂದ ಹಿಚುಕಿ ಗೊಜ್ಜು ಹೀರಿಸಿಕೊಂಡಾಗಲೇ ಈ ಅಡುಗೆಯ ಅರ್ಥ ತಿಳಿಯುವುದು.

ಪ್ರಶ್ನೆ: ಕೆಲಸದ ನಿಮಿತ್ತ ಮ್ಯೂನಿಕ್‌ಗೆ ಬಂದಿದ್ದೇನೆ. ಇಲ್ಲಿ ಮೊಟ್ಟೆ ಬೇಯಿಸುವ ವಿದ್ಯುತ್ ಯಂತ್ರವೊಂದನ್ನು ಕೊಂಡೆ. ಅದರೊಡನೆ ಬಂದ ಅಳತೆಯ ಲೋಟದಲ್ಲಿ ಒಂದು ಮೊಟ್ಟೆಗೆ ಹೆಚ್ಚು ನೀರು, ಏಳು ಮೊಟ್ಟೆಗೆ ಕಡಿಮೆ ನೀರು ಎಂದು ಗೆರೆ ಎಳೆದಿದ್ದಾರೆ. ಮುದ್ರಣದ ತಪ್ಪೇ? ಲೋಟದ ತಳದಲ್ಲಿ ಸೂಜಿ ಏಕಿದೆ?
— ಓದುಗರೊಬ್ಬರು, ಮ್ಯೂನಿಕ್

ಉತ್ತರ: ಗೆರೆಗಳು ಸರಿಯಾಗಿಯೇ ಇವೆ. ‘ಐಯರ್‌ಕೋಖರ್’ ಎನ್ನುವ ಈ ಯಂತ್ರ ಮೊಟ್ಟೆಯನ್ನು ನೀರಿನಲ್ಲಿ ಮುಳುಗಿಸುವುದಿಲ್ಲ. ನಮ್ಮ ಇಡ್ಲಿ ಪಾತ್ರೆಯಂತೆ ಹಬೆಯಲ್ಲಿ ಬೇಯಿಸುತ್ತದೆ, ತಟ್ಟೆಯ ನೀರೆಲ್ಲ ಆವಿಯಾದೊಡನೆ ಸದ್ದು ಮಾಡುತ್ತದೆ. ಹಾಗಾಗಿ ಇಲ್ಲಿ ನೀರೇ ಗಡಿಯಾರ. ಹಬೆಯು ತಣ್ಣನೆಯ ಮೊಟ್ಟೆಗೆ ತಾಗಿ, ಹನಿಯಾಗಿ ಮತ್ತೆ ತಟ್ಟೆಗೆ ಬೀಳುತ್ತದೆ. ಮೊಟ್ಟೆ ಹೆಚ್ಚಾದಷ್ಟೂ ಹೀಗೆ ಮರಳಿ ಬೀಳುವ ನೀರು ಹೆಚ್ಚುವುದರಿಂದ, ಮೊದಲು ಹಾಕುವ ನೀರು ಕಡಿಮೆ ಸಾಕಾಗುತ್ತದೆ.

ಸೂಜಿ ಇರುವುದು ಮೊಟ್ಟೆಯ ಮೊಂಡು ತುದಿಯನ್ನು ಚುಚ್ಚಲು. ಅಲ್ಲಿ ಗಾಳಿಯ ಪುಟ್ಟ ಗೂಡಿದ್ದು, ಕಾದಾಗ ಹಿಗ್ಗುವ ಗಾಳಿ ಆ ರಂಧ್ರದಿಂದ ಹೊರಹೋಗಿ ಚಿಪ್ಪು ಬಿರಿಯದಿರಲಿ ಎಂಬುದು ಲೆಕ್ಕಾಚಾರ. ಚುಚ್ಚಿದ ಮೊಟ್ಟೆಯೂ ಬಿರಿಯುವುದನ್ನು ನಾನು ಕಂಡಿರುವುದರಿಂದ ಇದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಸ್ವಲ್ಪ ಹೊತ್ತು ಹೊರಗಿಡುವುದು ಮೇಲು. ಪಾತ್ರೆಯಲ್ಲೇ ಬೇಯಿಸುವುದಾದರೆ, ಕುದಿಯುವ ನೀರಿಗೆ ಇಳಿಸಿದ ಮಧ್ಯಮ ಗಾತ್ರದ ಮೊಟ್ಟೆ ಸುಮಾರು 5 ನಿಮಿಷಕ್ಕೆ ಬಿಳಿ ಗಟ್ಟಿಯಾಗಿ ಹಳದಿ ಹರಿಯುವಂತಿರುತ್ತದೆ, 7 ನಿಮಿಷಕ್ಕೆ ಹಳದಿ ಮೇಣದಂತಾಗುತ್ತದೆ, 10 ನಿಮಿಷಕ್ಕೆ ಪೂರ್ತಿ ಬೇಯುತ್ತದೆ. ಊರಿಗೆ ಬಂದಾಗ ಇದೇ ಲೆಕ್ಕ ಹಿಡಿಯಬೇಡಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಅರ್ಧ ನಿಮಿಷ ಸೇರಿಸಿ ನೋಡಬೇಕು. ಹಳದಿ ಹರಿಯುವ ಮೊಟ್ಟೆಯನ್ನು ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡದಿರುವುದು ಕ್ಷೇಮ.

ಭಾನುವಾರದ ಉಪಾಹಾರಕ್ಕೆ ಯಾರಾದರೂ ಕರೆದರೆ ಇನ್ನೊಂದು ವಿಷಯ ತಿಳಿದಿರಲಿ. ಮೊಟ್ಟೆ ಪುಟ್ಟ ಬಟ್ಟಲಿನಲ್ಲಿ ನೆಟ್ಟಗೆ ನಿಂತು, ತಣ್ಣಗಾಗದಿರಲೆಂದು ಉಣ್ಣೆಯ ಟೋಪಿ ಹಾಕಿಕೊಂಡು ಬರುತ್ತದೆ. ಚಾಕುವಿನಿಂದ ಅದರ ತಲೆಯನ್ನು ಒಂದೇ ಏಟಿಗೆ ಹಾರಿಸುವವರು ಕೆಲವರು, ಚಮಚದ ಬೆನ್ನಿನಿಂದ ತಟ್ಟಿ ಚಿಪ್ಪು ಬಿಡಿಸುವವರು ಕೆಲವರು. ಎರಡೂ ಪಕ್ಷದವರು ತಮ್ಮದೇ ಸರಿ ಎನ್ನುತ್ತಾರೆ. ಚಮಚ ಮಾತ್ರ ಬೆಳ್ಳಿಯದಾಗಿರುವುದಿಲ್ಲ, ಏಕೆಂದರೆ ಮೊಟ್ಟೆಯಲ್ಲಿನ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಕೊಂಬಿನ ಅಥವಾ ಪ್ಲಾಸ್ಟಿಕ್ ಚಮಚ ಇಟ್ಟಿದ್ದರೆ ಅದು ಜಿಪುಣತನವಲ್ಲ.

ಪ್ರಶ್ನೆ: ಬರ್ಲಿನ್‌ನ ಹಳೆಯ ಬಿಯರ್ ಅಂಗಡಿಗಳಲ್ಲಿ ಗಾಜಿನ ಭರಣಿಯೊಳಗೆ ಮೊಟ್ಟೆಗಳನ್ನು ಮುಳುಗಿಸಿಟ್ಟಿರುವುದನ್ನು ಹಿಂದೊಮ್ಮೆ ನೋಡಿದ್ದೆ. ಅದು ಮೊಟ್ಟೆಯ ಉಪ್ಪಿನಕಾಯಿಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹೆಚ್ಚುಕಡಿಮೆ ಹಾಗೆಯೇ, ಆದರೆ ಮಾವಿನ ಮಿಡಿಯಂತೆ ವರ್ಷವಿಡೀ ಉಳಿಯುವಂಥದ್ದಲ್ಲ, ಮನೆಯಲ್ಲಿ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ಇದರ ಹೆಸರು ‘ಜೋಲ್‌ಐಯರ್’, ಉಪ್ಪುನೀರಿನ ಮೊಟ್ಟೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಚಿಪ್ಪನ್ನು ಸುಲಿಯದೆ, ಸುತ್ತಲೂ ಮೆಲ್ಲಗೆ ಬಿರುಕು ಬಿಡುವಂತೆ ತಟ್ಟಿ, ಈರುಳ್ಳಿ ಸಿಪ್ಪೆಯೊಂದಿಗೆ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಒಂದೆರಡು ದಿನ ಬಿಡುತ್ತಾರೆ. ಸುಲಿದಾಗ ಬಿಳಿಯ ಮೇಲೆ ಕಂದು ಬಣ್ಣದ ಜೇಡರಬಲೆಯಂಥ ಗೆರೆಗಳು ಮೂಡಿರುತ್ತವೆ. ತಿನ್ನುವ ಕ್ರಮವೇ ಇದರ ಸೊಗಸು. ಮೊಟ್ಟೆಯನ್ನು ಉದ್ದಕ್ಕೆ ಸೀಳಿ, ಹಳದಿಯನ್ನು ಮುರಿಯದೆ ಎತ್ತಿ, ಆ ಗುಳಿಗೆ ಎಣ್ಣೆ, ವಿನೆಗರ್, ಕಾಳುಮೆಣಸಿನ ಪುಡಿ, ತುಸು ಸಾಸಿವೆ ಮುದ್ದೆ ಹಾಕುತ್ತಾರೆ. ಹಳದಿಯನ್ನು ಬೋರಲಾಗಿ ಅದರ ಮೇಲೆ ಕೂರಿಸಿ ಇಡೀ ಹೋಳನ್ನು ಒಮ್ಮೆಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಅರ್ಧ ಕಚ್ಚಿದರೆ ಎಣ್ಣೆ ಅಂಗಿಯ ಮೇಲಿಳಿಯುತ್ತದೆ.