ಮನೆಯಲ್ಲಿ ಬೇಯಿಸಿದ ಗೋಮಾಂಸ ನಿಜಕ್ಕೂ ಫಾಸ್ಟ್ ಫುಡ್ ಬರ್ಗರ್‌ಗಿಂತ ಪೌಷ್ಟಿಕವೇ?

ಬಹುಮಟ್ಟಿಗೆ ಹೌದು. ಆದರೆ ಕಾರಣ ಮಾಂಸದಲ್ಲಿಲ್ಲ, ಅದರ ಜೊತೆಗೆ ತಟ್ಟೆಗೆ ಬರುವುದರಲ್ಲಿದೆ.

ಕೊಬ್ಬು ಕಡಿಮೆಯಿರುವ ಗೋಮಾಂಸವನ್ನು ಬೇಯಿಸಿದಾಗ 100 ಗ್ರಾಂನಲ್ಲಿ ಸುಮಾರು 26 ಗ್ರಾಂ ಪ್ರೋಟೀನ್ ಸಿಗುತ್ತದೆ. ದೇಹ ಸುಲಭವಾಗಿ ಹೀರಿಕೊಳ್ಳುವ ಕಬ್ಬಿಣ, ಸತು, ವಿಟಮಿನ್ ಬಿ12 ಕೂಡ ಇರುತ್ತವೆ. ಬರ್ಗರ್‌ನೊಳಗಿನ ಮಾಂಸದಲ್ಲೂ ಇವೆಲ್ಲ ಇವೆ. ಅದನ್ನು ಪೂರ್ತಿ ತೆಗಳುವುದು ನ್ಯಾಯವಲ್ಲ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಉಪ್ಪು. ಉಪ್ಪು ಹಾಕದೆ ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ನೂರು ಮಿಲಿಗ್ರಾಂ ಕೂಡ ದಾಟುವುದಿಲ್ಲ. ಬನ್, ಚೀಸ್, ಸಾಸ್, ಉಪ್ಪಿನಕಾಯಿ ಸೇರಿದ ದೊಡ್ಡ ಬರ್ಗರ್ ಒಂದರಲ್ಲೇ ಅದು ಸಾವಿರದ ಆಸುಪಾಸಿಗೆ ಹೋಗುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ದಿನದ ಮಿತಿಯೇ 2000 ಮಿಲಿಗ್ರಾಂ! ಜೊತೆಗೆ ಕರಿದ ಆಲೂಗಡ್ಡೆ, ಸಕ್ಕರೆ ಪಾನೀಯ ಬಂದರೆ ಕ್ಯಾಲೊರಿ ದುಪ್ಪಟ್ಟಾಗಬಹುದು.

ಮನೆಯಡುಗೆ ಎಂದಮಾತ್ರಕ್ಕೆ ಎಲ್ಲವೂ ಸರಿಯಲ್ಲ. ಕೊಬ್ಬು ಹೆಚ್ಚಿರುವ ಕೈಮಾವನ್ನು ಧಾರಾಳ ಎಣ್ಣೆಯಲ್ಲಿ ಹುರಿದರೆ ಸ್ಯಾಚುರೇಟೆಡ್ ಕೊಬ್ಬಿನ (ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು) ಲೆಕ್ಕದಲ್ಲಿ ಬರ್ಗರ್‌ನ ಹತ್ತಿರವೇ ನಿಲ್ಲುತ್ತದೆ. ಕೊಬ್ಬು ಕಡಿಮೆಯಿರುವ ತುಂಡು ಆರಿಸಿ, ತರಕಾರಿ ಅಥವಾ ಕಾಳಿನೊಂದಿಗೆ ಬೇಯಿಸಿ. ಮಾಂಸದಲ್ಲಿ ಇಲ್ಲದ ನಾರಿನಂಶ ಅಲ್ಲಿಂದ ಸಿಗುತ್ತದೆ.