ಮತ್ತೆ ಮತ್ತೆ ಇನ್‌ಸ್ಟಾಲ್ ಪರದೆ, ಕಾಣದ ಪ್ರಿಂಟರ್

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಹಳೆಯ ಲಗ್ನಪತ್ರಿಕೆಗಳ ಫೈಲುಗಳಿಗಾಗಿ ಲಿನಕ್ಸ್ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇರುವಂತೆ ನಡೆಸುವ ತಂತ್ರಾಂಶ) ಮೂಲಕ ವಿಂಡೋಸ್ 7 ಹಾಕಿಕೊಂಡಿದ್ದೇನೆ. ಆರಂಭಿಸಿದಾಗಲೆಲ್ಲ ಇನ್‌ಸ್ಟಾಲ್ ಪರದೆ ಬರುತ್ತದೆ. ಅದನ್ನು ದಾಟಿದರೂ ಯುಎಸ್‌ಬಿ ಪ್ರಿಂಟರ್ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲನೆಯದು ಸುಲಭ. ಇನ್‌ಸ್ಟಾಲ್‌ಗೆ ಬಳಸಿದ ಐಎಸ್‌ಒ ಫೈಲು (ಡಿವಿಡಿಯ ಪೂರ್ಣ ನಕಲು) ಇನ್ನೂ ವರ್ಚುವಲ್ ಡಿವಿಡಿ ಡ್ರೈವಿನಲ್ಲೇ ಕುಳಿತಿದೆ. 'ಯಾವುದಾದರೂ ಕೀಲಿ ಒತ್ತಿ' ಎಂಬರ್ಥದ ಸಾಲು ಕಂಡಾಗ ನೀವು ಅಭ್ಯಾಸಬಲದಿಂದ ಒತ್ತುತ್ತಿರಬೇಕು. ವರ್ಚುವಲ್‌ಬಾಕ್ಸ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಆ ಐಎಸ್‌ಒ ಫೈಲನ್ನು ತೆಗೆದು, ಸಿಸ್ಟಮ್ ವಿಭಾಗದ ಬೂಟ್ ಆರ್ಡರ್‌ನಲ್ಲಿ (ಯಾವುದರಿಂದ ಮೊದಲು ಆರಂಭಿಸಬೇಕೆಂಬ ಕ್ರಮ) ಹಾರ್ಡ್ ಡಿಸ್ಕನ್ನು ಮೇಲಕ್ಕೇರಿಸಿ. ಇದಕ್ಕೆ ವರ್ಚುವಲ್ ಯಂತ್ರವನ್ನು ಪೂರ್ತಿ ಆಫ್ ಮಾಡಿರಬೇಕು; ಇದ್ದ ಸ್ಥಿತಿಯಲ್ಲೇ 'ಸೇವ್' ಮಾಡಿ ಮುಚ್ಚಿದ್ದರೆ ಈ ಆಯ್ಕೆ ಬದಲಾಗದು.

ಪ್ರಿಂಟರಿನ ವಿಷಯ ತುಸು ತೊಡಕಿನದು. ನಿಮ್ಮ ಲಿನಕ್ಸ್ ಬಳಕೆದಾರ ಖಾತೆ 'ವಿಬಾಕ್ಸ್‌ಯೂಸರ್ಸ್' (vboxusers) ಗುಂಪಿನಲ್ಲಿ ಇಲ್ಲದಿದ್ದರೆ ಯುಎಸ್‌ಬಿ ಸಾಧನಗಳ ಪಟ್ಟಿಯೇ ಖಾಲಿ ಕಾಣುತ್ತದೆ. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮರಳಿ ಬರುವುದನ್ನು ಬಹಳ ಮಂದಿ ಮರೆಯುತ್ತಾರೆ. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ರ ಡ್ರೈವರ್ ಮೂಲತಃ ಇಲ್ಲದ ಕಾರಣ ಸೆಟ್ಟಿಂಗ್ಸ್‌ನ ಯುಎಸ್‌ಬಿ ವಿಭಾಗದಲ್ಲಿ 2.0 ಕಂಟ್ರೋಲರನ್ನೇ ಆಯ್ದುಕೊಂಡು, ಪ್ರಿಂಟರಿಗೊಂದು ಫಿಲ್ಟರ್ (ಯಾವ ಸಾಧನವನ್ನು ಒಳಗೆ ಸೇರಿಸಿಕೊಳ್ಳಬೇಕೆಂದು ಗುರುತಿಸುವ ನಿಯಮ) ಸೇರಿಸಿದರೆ ಅದು ಪ್ರತಿ ಬಾರಿಯೂ ತಾನಾಗಿ ಒಳಗೆ ಸೇರಿಕೊಳ್ಳುತ್ತದೆ. ಆದರೆ ಅಷ್ಟು ಹೊತ್ತು ಲಿನಕ್ಸ್ ಕಡೆಯಿಂದ ಮುದ್ರಿಸಲಾಗದು.