ರೈಲ್ವೆ ಓದುಗರ ಪ್ರಶ್ನೆ: ತಂತಿ ಎಣಿಸಿದವರು ಯಾರು?

ಪ್ರಶ್ನೆ: ನನ್ನ ಮಗ ಬ್ರಿಟನ್ನಿನ ರೈಲು ಕಂಪನಿಯೊಂದರಲ್ಲಿದ್ದಾನೆ. ಅಲ್ಲಿ ಸುರಕ್ಷತಾ ಪ್ರಮಾಣಪತ್ರವಿಲ್ಲದೆ ರೈಲು ಓಡಿಸುವಂತಿಲ್ಲವಂತೆ, ಅದಕ್ಕೆ ದಪ್ಪ ಕಡತ ಸಲ್ಲಿಸಬೇಕಂತೆ. ಕಾಗದದಿಂದ ಅಪಘಾತ ತಪ್ಪುತ್ತದೆಯೇ? ನಮ್ಮಲ್ಲೇಕೆ ಇಲ್ಲ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಕಾಗದದಿಂದ ತಪ್ಪುವುದಿಲ್ಲ. ಆದರೆ ಬರೆದುಕೊಟ್ಟ ಮಾತಿನ ಮೇಲೆ ಕಂಪನಿಯನ್ನು ಹಿಡಿದು ಕೇಳಬಹುದು. ಕಡತಕ್ಕೆ ಬೆಲೆ ಬರುವುದು ಅಲ್ಲಿ.

ನಿಮ್ಮ ಮಗ ಹೇಳಿದ್ದು ಬ್ರಿಟನ್ನಿನ 2006ರ ರೈಲು ಸುರಕ್ಷತಾ ನಿಯಮಗಳ ವಿಚಾರ. ಎಲ್ಲೆಲ್ಲಿ ಅಪಾಯವಿದೆ, ಅದಕ್ಕೆ ಯಾರು ಹೊಣೆ, ಸಿಬ್ಬಂದಿಯ ಸಾಮರ್ಥ್ಯವನ್ನು ಹೇಗೆ ಪರೀಕ್ಷಿಸುತ್ತೀರಿ, ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳಿಂದ ಏನು ತಿದ್ದಿಕೊಳ್ಳುತ್ತೀರಿ ಎಂಬುದನ್ನೆಲ್ಲ ರೈಲು ಓಡಿಸುವ ಕಂಪನಿ ನಿಯಂತ್ರಣ ಸಂಸ್ಥೆಗೆ ತೋರಿಸಿಕೊಡಬೇಕು. ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ ಐದು ವರ್ಷ. ಹಳಿ ನೋಡಿಕೊಳ್ಳುವವರಿಗೆ ಪ್ರತ್ಯೇಕ ಅನುಮತಿ.

ಈ ಶಿಸ್ತನ್ನು ಅವರು ಸುಮ್ಮನೆ ಕಲಿಯಲಿಲ್ಲ. 1988ರ ಡಿಸೆಂಬರ್ 12ರ ಬೆಳಿಗ್ಗೆ ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಬಳಿ ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ಗುದ್ದಿತು. 35 ಜನ ಸತ್ತರು. ಸಿಗ್ನಲ್ ವೈರಿಂಗ್ ಬದಲಿಸುವಾಗ ಒಂದು ಹಳೆಯ ತಂತಿಯ ಒಂದು ತುದಿಯನ್ನು ಮಾತ್ರ ಬಿಚ್ಚಿದ್ದರು. ಅದನ್ನು ಕತ್ತರಿಸಲಿಲ್ಲ, ಟೇಪ್ ಸುತ್ತಲೂ ಇಲ್ಲ. ಆ ಬೆತ್ತಲೆ ತುದಿ ಹಳೆಯ ಜಾಗಕ್ಕೇ ಬಂದು ತಗುಲಿತು. ಮುಂದೆ ರೈಲು ನಿಂತಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ. ಆ ತಂತ್ರಜ್ಞ ಹದಿಮೂರು ವಾರಗಳಲ್ಲಿ ಒಂದೇ ದಿನ ರಜೆ ಪಡೆದಿದ್ದ. ಕೆಲಸ ಮುಗಿದ ಮೇಲೆ ಬೇರೊಬ್ಬರು ತಂತಿಗಳನ್ನು ಎಣಿಸಿ ನೋಡಬೇಕಿತ್ತು, ಯಾರೂ ಎಣಿಸಲಿಲ್ಲ. ವರ್ಷಗಳಿಂದ ಆತ ಹಾಗೆಯೇ ಕೆಲಸ ಮಾಡುತ್ತಿದ್ದರೂ ತಿದ್ದಿದವರಿಲ್ಲ. ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಆ ತನಿಖಾ ವರದಿಯಲ್ಲಿ ಇಷ್ಟವಾದದ್ದು ಇದೇ: ಅದು ತಂತ್ರಜ್ಞನ ಕೊರಳು ಹಿಡಿದು ಅಲ್ಲಿಗೇ ನಿಲ್ಲಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. 2023ರ ಫೆಬ್ರವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಸಿಕ್ಕಿತ್ತು, ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಮಾತ್ರ ಬೇರೆ ಹಳಿಗೆ ತಿರುಗಿತ್ತು. ಚಾಲಕರು ಕಣ್ಣಿಟ್ಟು ನೋಡಿ ನಿಲ್ಲಿಸಿದರು, ಗಾಡಿ ಉಳಿಯಿತು. ಮರುದಿನವೇ ನೈಋತ್ಯ ರೈಲ್ವೆಯ ಕಾರ್ಯಾಚರಣೆ ಮುಖ್ಯಸ್ಥರು ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ ಎಂದು ಎಚ್ಚರಿಸಿ ಪತ್ರ ಬರೆದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಾಲೇಶ್ವರದ ಬಹನಾಗಾ ಬಜಾರ್‌ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ ಮುಖ್ಯ ಹಳಿ ಬಿಟ್ಟು ಪಕ್ಕದ ಲೂಪ್ ಹಳಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಎರಡೂ ಕಡೆ ದೋಷ ಒಂದೇ ಎನ್ನಲಾಗದು. ಆದರೆ ಬಾಲೇಶ್ವರದ ವರದಿ ಓದಿ: 2018ರಲ್ಲಿ ಮಾಡಿದ ವೈರಿಂಗ್ ಬದಲಾವಣೆ ನಕ್ಷೆಗೆ ಏರಿರಲಿಲ್ಲ, ತಪ್ಪು ವೈರಿಂಗ್‌ನಿಂದಲೇ 2022ರ ಮೇ ತಿಂಗಳಲ್ಲಿ ಅದೇ ಖರಗ್‌ಪುರ ವಿಭಾಗದ ಇನ್ನೊಂದು ನಿಲ್ದಾಣದಲ್ಲಿ ಇಂಥದ್ದೇ ಘಟನೆ ನಡೆದಿತ್ತು. ಆಗಲೇ ಸರಿಪಡಿಸಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ ಎಂದು ತನಿಖೆ ನಡೆಸಿದ ರೈಲ್ವೆ ಸುರಕ್ಷತಾ ಆಯುಕ್ತರೇ ಬರೆದರು.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. ಸಿಗ್ನಲ್ ಮುಟ್ಟುವ ಮುನ್ನ ಸ್ಟೇಷನ್ ಮಾಸ್ಟರ್‌ಗೆ ಡಿಸ್‌ಕನೆಕ್ಷನ್ ಮೆಮೊ (ಸಿಗ್ನಲ್ ಸಂಪರ್ಕ ಬಿಡಿಸುತ್ತೇವೆಂಬ ಬರಹ) ಕೊಡಬೇಕು, ಪರೀಕ್ಷಿಸಿದ ಮೇಲೆಯೇ ರೀಕನೆಕ್ಷನ್, ಅಂದರೆ ಮರುಜೋಡಣೆ. ಹಿಂದೆ ಗಾಡಿಗಳು ಕಾಯುತ್ತಿರುವಾಗ ಆ ಕಾಗದಕ್ಕೆ ಬೇಗ ಸಹಿ ಬೀಳಲಿ ಎಂಬ ಒತ್ತಡ ಎಷ್ಟಿರುತ್ತದೆ ಎಂಬುದು ಸಿಗ್ನಲ್ ನಿಯಂತ್ರಿಸುವ ಪ್ಯಾನೆಲ್ ಮುಂದೆ ನಿಂತವರಿಗೆ ಗೊತ್ತು. ಹೊಸ ಮಾರ್ಗ ಪ್ರಯಾಣಿಕರಿಗೆ ತೆರೆಯಲು ಆಯುಕ್ತರ ತಪಾಸಣೆಯೂ ಕಡ್ಡಾಯ. ಆದರೆ ರೈಲು ಓಡಿಸುವ ಸಂಸ್ಥೆಯೇ ಇಷ್ಟು ವರ್ಷಕ್ಕೊಮ್ಮೆ ಹೊರಗಿನವರ ಮುಂದೆ ತನ್ನ ಇಡೀ ವ್ಯವಸ್ಥೆಯ ಲೆಕ್ಕ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು 1989ರ ರೈಲ್ವೆ ಕಾಯ್ದೆ ಹೇಳುವುದಿಲ್ಲ. ಸ್ವತಂತ್ರ ರೈಲ್ವೆ ಸುರಕ್ಷತಾ ಪ್ರಾಧಿಕಾರ ಬೇಕೆಂದು ರೈಲ್ವೆ ಸುರಕ್ಷತೆ ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಶಿಫಾರಸು ಮಾಡಿತ್ತು. ಓಡಿಸುವವರೂ ತಾವೇ, ತಪ್ಪು ಹುಡುಕುವವರೂ ತಾವೇ ಆದರೆ ಹೊಸದುರ್ಗದ ಪತ್ರದಂಥವು ಕಪಾಟು ಸೇರುವುದು ಸುಲಭ.

ಪ್ರಶ್ನೆ: ರೈಲ್ವೆ ಸುರಕ್ಷತಾ ಆಯುಕ್ತರು ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರಂತೆ. ಇದೇನು ವಿಚಿತ್ರ?
– ಓದುಗರು, ಧಾರವಾಡ

ಉತ್ತರ: ವಿಚಿತ್ರವೇನಿಲ್ಲ, ಬೇಕೆಂದೇ ಮಾಡಿದ್ದು. 1941ರಲ್ಲಿ, ಈಗಿನ ಆಯುಕ್ತರ ಸ್ಥಾನದಲ್ಲಿದ್ದ ತಪಾಸಣಾಧಿಕಾರಿಗಳನ್ನು ರೈಲ್ವೆ ಮಂಡಳಿಯ ಹಿಡಿತದಿಂದ ಬಿಡಿಸಿ ಆಗಿನ ಅಂಚೆ ಮತ್ತು ವಾಯು ಇಲಾಖೆಗೆ ಸೇರಿಸಿದರು. ದಕ್ಷಿಣ ವೃತ್ತದ ಆಯುಕ್ತರ ಕಚೇರಿ ಬೆಂಗಳೂರಿನಲ್ಲೇ ಇದೆ. ನಮ್ಮ ಮೆಟ್ರೊದ ಹೊಸ ಮಾರ್ಗ ತೆರೆಯುವ ಮುನ್ನ ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಆ ತಪಾಸಣೆ ಇವರದೇ.